ತಿಪಟೂರಿನ ವಿಜ್ಞಾನಿ, ಕಹೂಟಾದ ಮೇಲೆ ಬೀಳದೆ ಉಳಿದ ಬಾಂಬು

2025ರ ಜೂನ್ 13ರಂದು ಇಸ್ರೇಲ್ ಇರಾನಿನ ಅಣುಸ್ಥಾವರಗಳ ಮೇಲೆ ದಾಳಿ ಆರಂಭಿಸಿತು. 22ರಂದು ಅಮೆರಿಕದ ವಿಮಾನಗಳು ಫೋರ್ದೋ, ನತಾಂಝ್, ಇಸ್ಫಹಾನ್‌ಗಳ ಮೇಲೆ ಬಾಂಬು ಹಾಕಿದವು. ಗೌರಿಬಿದನೂರು ತಾಲೂಕಿನ ಅಲಿಪುರದ ಮಕ್ಕಳು ಇರಾನಿನಲ್ಲಿ ಓದುತ್ತಿದ್ದರು. ಅವರ ಮನೆಗಳಲ್ಲಿ ಆ ದಿನಗಳು ಹೇಗೆ ಕಳೆದವು ಎಂಬುದು ಪತ್ರಿಕೆಗಳಲ್ಲಿ ಬಂತು. ನಮ್ಮ ಹೆಬ್ಬೂರಿನಿಂದ ಅಲ್ಲಿಗೆ ಹೋದವರು ಯಾರೂ ಇಲ್ಲ. ಆದರೂ ಅಂದಿನಿಂದ ಈಚೆಗೆ ಜುಮಾ ಮುಗಿದ ಮೇಲೆ ಹುಡುಗರು ನಮ್ಮನ್ನು ತಡೆದು ಕೇಳುವ ಪ್ರಶ್ನೆ ಒಂದೇ. ಶತ್ರು ಅಣುಬಾಂಬು ತಯಾರಿಸುತ್ತಿದ್ದಾನೆ ಎಂದು ಗೊತ್ತಾದ ಮೇಲೆ ಮೊದಲೇ ಹೋಗಿ ಹೊಡೆಯುವುದು ಸರಿಯೋ ತಪ್ಪೋ? ಕೆಲವರು ಇದನ್ನು ಇರಾನಿನ ಮೇಲಿನ ಕಳಕಳಿಯಿಂದ ಕೇಳುತ್ತಾರೆ. ಇನ್ನು ಕೆಲವರು, ಅದೂ ಕಾಲೇಜು ಓದುವವರು, ಬೇರೆ ರೀತಿ ಕೇಳುತ್ತಾರೆ: "ಹಜ್ರತ್, ಪಾಕಿಸ್ತಾನ ಬಾಂಬು ಮಾಡುತ್ತಿದ್ದಾಗ ನಮ್ಮ ದೇಶ ಯಾಕೆ ಸುಮ್ಮನಿತ್ತು?"

ಈ ಎರಡನೇ ಪ್ರಶ್ನೆಯೇ ನಮಗೆ ಮುಖ್ಯವೆನಿಸಿತು. ಖುತ್ಬಾದ ಹತ್ತು ಹದಿನೈದು ನಿಮಿಷದಲ್ಲಿ ಅದಕ್ಕೆ ಉತ್ತರ ಹೇಳಲಾಗದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ದೇಶ ಸುಮ್ಮನೆ ಕೂತಿರಲಿಲ್ಲ. ಯೋಚಿಸಿತ್ತು, ತಕ್ಕಡಿಯಲ್ಲಿಟ್ಟು ತೂಗಿತ್ತು, ಆಮೇಲೆ ಬಿಟ್ಟಿತ್ತು. ಆ ಕಥೆಯಲ್ಲಿ ನಮ್ಮ ತುಮಕೂರು ಜಿಲ್ಲೆಯ ಮಗನೊಬ್ಬ ಇದ್ದಾನೆ ಎಂಬುದು ನಮ್ಮ ಹುಡುಗರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ತಿಪಟೂರು ಎಂದರೆ ನಮ್ಮವರಿಗೆ ಕೊಬ್ಬರಿ ಮಂಡಿ. 1925ರ ಜನವರಿ 28ರಂದು ಅದೇ ತಿಪಟೂರಿನಲ್ಲಿ ರಾಜಾ ರಾಮಣ್ಣ ಹುಟ್ಟಿದರು. ಬೆಂಗಳೂರಿನಲ್ಲೂ ಮದ್ರಾಸಿನಲ್ಲೂ ಓದಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು, ಹೋಮಿ ಭಾಭಾ ಅವರ ಕರೆಗೆ ಓಗೊಟ್ಟು ಮುಂಬೈ ಸೇರಿದವರು. ಪಿಯಾನೋ ನುಡಿಸುತ್ತಿದ್ದರು, ಸಂಗೀತದ ಬಗ್ಗೆ ಪುಸ್ತಕವನ್ನೂ ಬರೆದರು. 1972ರಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು. 1974ರ ಮೇ 18ರಂದು ರಾಜಸ್ಥಾನದ ಪೋಖ್ರಾನ್‌ನಲ್ಲಿ ಭಾರತದ ಮೊದಲ ಅಣುಸ್ಫೋಟ ನಡೆದದ್ದು ಅವರ ಮುಂದಾಳತ್ವದಲ್ಲಿ. ಸರ್ಕಾರ ಅದನ್ನು ಶಾಂತಿಯುತ ಸ್ಫೋಟ ಎಂದು ಕರೆಯಿತು. ನೆರೆಯ ದೇಶ ಆ ಮಾತನ್ನು ನಂಬಲಿಲ್ಲ. ಅವರ ಜಾಗದಲ್ಲಿದ್ದರೆ ನಾವೂ ನಂಬುತ್ತಿರಲಿಲ್ಲವೇನೋ.

ನ್ಯಾಯವಾಗಿ ಹೇಳಬೇಕಾದರೆ ಪಾಕಿಸ್ತಾನದ ಆಸೆ ಪೋಖ್ರಾನ್‌ಗಿಂತ ಹಳೆಯದು. 1971ರ ಡಿಸೆಂಬರ್‌ನಲ್ಲಿ ದೇಶದ ಅರ್ಧ ಕಳೆದುಕೊಂಡ ಮರು ತಿಂಗಳೇ, 1972ರ ಜನವರಿಯಲ್ಲಿ, ಜುಲ್ಫಿಕರ್ ಅಲಿ ಭುಟ್ಟೋ ಮುಲ್ತಾನಿನಲ್ಲಿ ವಿಜ್ಞಾನಿಗಳನ್ನು ಸೇರಿಸಿ ಬಾಂಬಿನ ಮಾತೆತ್ತಿದ್ದರು. ಪೋಖ್ರಾನ್ ಆ ಬೆಂಕಿಗೆ ಎಣ್ಣೆ ಸುರಿಯಿತು. 1936ರಲ್ಲಿ ನಮ್ಮ ಭೋಪಾಲದಲ್ಲೇ ಹುಟ್ಟಿ, 1952ರಲ್ಲಿ ಆಚೆಗೆ ಹೋದ ಅಬ್ದುಲ್ ಕದೀರ್ ಖಾನ್ ಎಂಬ ಲೋಹತಜ್ಞ ಆಗ ಹಾಲೆಂಡಿನಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಕಂಡ ಸೆಂಟ್ರಿಫ್ಯೂಜ್ ಯಂತ್ರಗಳ ನಕ್ಷೆಗಳನ್ನು ಹಿಡಿದು 1975ರ ಕೊನೆಯಲ್ಲಿ ಪಾಕಿಸ್ತಾನಕ್ಕೆ ಮರಳಿದರು. 1976ರಲ್ಲಿ ಇಸ್ಲಾಮಾಬಾದಿನಿಂದ ಹೆಚ್ಚು ದೂರವಿಲ್ಲದ ಕಹೂಟಾದಲ್ಲಿ ಕೆಲಸ ಆರಂಭವಾಯಿತು.

ಸೆಂಟ್ರಿಫ್ಯೂಜ್ ಎಂದರೇನು ಎಂದು ಕೇಳುವವರಿಗೆ ಒಂದು ಮಾತು. ಡೈರಿಯಲ್ಲಿ ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರ ನೋಡಿದ್ದೀರಲ್ಲ? ಗಿರ್ರನೆ ತಿರುಗಿಸಿದರೆ ಭಾರದ್ದು ಒಂದು ಕಡೆ, ಹಗುರದ್ದು ಒಂದು ಕಡೆ. ತತ್ವ ಅದೇ. ಯುರೇನಿಯಂ ಅನ್ನು ಅನಿಲ ಮಾಡಿ, ಉದ್ದನೆಯ ಕೊಳವೆಗಳಲ್ಲಿ ಊಹಿಸಲಾಗದ ವೇಗದಲ್ಲಿ ತಿರುಗಿಸಿ, ಉರಿಯುವ ಜಾತಿಯ ಯುರೇನಿಯಂ ಅನ್ನು ಚೂರುಚೂರೇ ಹೆಚ್ಚಿಸುತ್ತಾರೆ. ಸ್ವಲ್ಪ ಹೆಚ್ಚಿದರೆ ವಿದ್ಯುತ್ ಸ್ಥಾವರಕ್ಕೆ ಆಗುತ್ತದೆ, ಬಹಳ ಹೆಚ್ಚಿದರೆ ಬಾಂಬಿಗೆ. ಒಂದೆರಡು ಕೊಳವೆ ಸಾಲದು, ಸಾವಿರಾರು ಬೇಕು. ಕಟ್ಟಡವನ್ನು ಹೊರಗಿನಿಂದ ನೋಡಿದವನಿಗೆ ಒಳಗೆ ಎಷ್ಟರ ಮಟ್ಟಿಗೆ ಹೆಚ್ಚಿಸುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

1981ರ ಜೂನ್ 7ರಂದು ಇಸ್ರೇಲಿನ ಎಂಟು ಎಫ್-16 ವಿಮಾನಗಳು ಬಗ್ದಾದಿನ ಹತ್ತಿರದ ಒಸಿರಾಕ್ ಅಣುಸ್ಥಾವರವನ್ನು ಕೆಲವೇ ನಿಮಿಷಗಳಲ್ಲಿ ಕೆಡವಿ ಹೋದವು. ಇರಾಕಿನ ಹತ್ತು ಸೈನಿಕರೂ ಫ್ರಾನ್ಸಿನ ಒಬ್ಬ ಎಂಜಿನಿಯರ್ ಕೂಡ ಸತ್ತರು. ಅದೇ ತಿಂಗಳ 19ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಮ್ಮತದಿಂದ ಅದನ್ನು ಖಂಡಿಸಿತು, ಅಮೆರಿಕವೂ ಕೈ ಎತ್ತಿತು. ಆದರೆ ಲೋಕದ ಸೇನಾಪತಿಗಳು ಖಂಡನೆಯನ್ನಲ್ಲ, ವಿಮಾನಗಳನ್ನು ಗಮನಿಸಿದರು. ಇದು ಸಾಧ್ಯ ಎಂದಾಯಿತಲ್ಲ!

ದೆಹಲಿಯಲ್ಲೂ ಲೆಕ್ಕಾಚಾರ ನಡೆಯಿತು. ಶತ್ರುವಿನ ನೆಲದೊಳಗೆ ಆಳಕ್ಕೆ, ತಗ್ಗಾಗಿ ಹಾರಿ ಹೋಗಿ ಹೊಡೆಯಬಲ್ಲ ಜಾಗ್ವಾರ್ ವಿಮಾನಗಳು 1979ರಿಂದ ನಮ್ಮ ವಾಯುಪಡೆಗೆ ಬರತೊಡಗಿದ್ದವು. ಮುಂದೆ ಅವನ್ನು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲೇ ಕಟ್ಟಿದರು. 1982ರ ಡಿಸೆಂಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಒಂದು ಸುದ್ದಿ ಮುರಿಯಿತು: ಕಹೂಟಾದ ಮೇಲೆ ದಾಳಿ ಮಾಡುವ ಯೋಜನೆಯನ್ನು ಭಾರತದ ಸೇನಾಧಿಕಾರಿಗಳು ತಯಾರಿಸಿದ್ದಾರೆ, ಪ್ರಧಾನಿ ಇಂದಿರಾ ಗಾಂಧಿ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ ಎಂದು. 1971ರ ಯುದ್ಧಕ್ಕೆ ಒಪ್ಪಿಗೆ ಕೊಟ್ಟವರೂ ಅವರೇ, ಪೋಖ್ರಾನ್‌ಗೆ ಒಪ್ಪಿಗೆ ಕೊಟ್ಟವರೂ ಅವರೇ. ಅವರನ್ನು ಅಂಜುಬುರುಕಿ ಎಂದು ಅವರ ಶತ್ರುಗಳೂ ಕರೆದಿಲ್ಲ. ಹಾಗಾದರೆ ಯಾಕೆ ಬೇಡವೆಂದರು?

ಇಲ್ಲಿ ಮತ್ತೆ ತಿಪಟೂರಿನವರು ಬರುತ್ತಾರೆ. 1983ರ ಹೊತ್ತಿಗೆ ರಾಮಣ್ಣನವರು ದೇಶದ ಅಣುಶಕ್ತಿ ಆಯೋಗದ ಅಧ್ಯಕ್ಷರು. ಆ ವರ್ಷ ಆಸ್ಟ್ರಿಯಾದ ವಿಯೆನ್ನಾದಲ್ಲಿ ಪಾಕಿಸ್ತಾನದ ಅಣುಶಕ್ತಿ ಆಯೋಗದ ಅಧ್ಯಕ್ಷ ಮುನೀರ್ ಅಹ್ಮದ್ ಖಾನ್ ಅವರನ್ನು ಕಂಡು ಒಂದು ಮಾತು ಹೇಳಿದರೆಂದು ಈ ಇತಿಹಾಸ ಬರೆದವರು ದಾಖಲಿಸಿದ್ದಾರೆ. ಮುನೀರ್ ಖಾನ್ ವಿಯೆನ್ನಾದ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯಲ್ಲೇ ವರ್ಷಗಟ್ಟಲೆ ನೌಕರಿ ಮಾಡಿದವರು, ಆ ಊರು ಅವರಿಗೆ ಮನೆಯಿದ್ದ ಹಾಗೆ. ಅವರು ಹೇಳಿದ್ದರ ಸಾರ ಇಷ್ಟೇ: ನೀವು ಕಹೂಟಾಕ್ಕೆ ಹೊಡೆದರೆ ನಾವು ಟ್ರಾಂಬೆಗೆ ಹೊಡೆಯುತ್ತೇವೆ. ರಾಮಣ್ಣನವರಿಗೆ ಹೇಳಿದರೂ ಮಾತು ದೆಹಲಿಗೆ ಉದ್ದೇಶಿಸಿದ್ದು.

ಆ ಒಂದು ವಾಕ್ಯದಲ್ಲಿ ಇಡೀ ತಕ್ಕಡಿಯೇ ಇದೆ. ಒಸಿರಾಕ್ ಇನ್ನೂ ಚಾಲೂ ಆಗದ ಸ್ಥಾವರ, ಅದರ ಮೇಲೆ ಬಾಂಬು ಬಿದ್ದರೂ ವಿಕಿರಣ ಹರಡುವ ಭಯವಿರಲಿಲ್ಲ. ಇಸ್ರೇಲಿಗೂ ಇರಾಕಿಗೂ ಗಡಿಯೇ ಇಲ್ಲ, ಅದರ ಮೇಲೆ ಇರಾಕ್ ಆಗ ಇರಾನಿನೊಂದಿಗೆ ಯುದ್ಧದಲ್ಲಿ ಮುಳುಗಿತ್ತು, ತಿರುಗಿ ಹೊಡೆಯುವ ಸ್ಥಿತಿಯಲ್ಲಿರಲಿಲ್ಲ. ನಮ್ಮದು ಹಾಗಲ್ಲ. ಕಹೂಟಾದ ಮೇಲೆ ಬಾಂಬು ಬಿದ್ದರೆ ಅಲ್ಲಿ ಹೊರಬರುವುದು ಮುಖ್ಯವಾಗಿ ಯುರೇನಿಯಂ ಅನಿಲದ ವಿಷ. ಸುತ್ತಲಿನವರಿಗೆ ಅದು ಕಷ್ಟವೇ, ಆದರೆ ಬಹುದೂರ ಹೋಗುವಂಥದ್ದಲ್ಲ. ಟ್ರಾಂಬೆಯಲ್ಲಿ ಇದ್ದದ್ದು ವರ್ಷಗಳಿಂದ ಉರಿಯುತ್ತಿದ್ದ ಅಣುಸ್ಥಾವರ. 1960ರಿಂದ ನಡೆಯುತ್ತಿದ್ದ ಸೈರಸ್, ಕಟ್ಟುತ್ತಿದ್ದ ಧ್ರುವ, ಉರಿದ ಇಂಧನವನ್ನು ಕರಗಿಸಿ ಪ್ಲುಟೋನಿಯಂ ತೆಗೆಯುವ ಘಟಕ, ಎಲ್ಲವೂ ಮುಂಬೈ ನಗರದ ಮಡಿಲಿನಲ್ಲೇ. ಅಲ್ಲಿ ಬಾಂಬು ಬಿದ್ದರೆ ಗಾಳಿಗೆ ಸೇರುವುದು ಬೇರೆಯದೇ ವಸ್ತು. ಕಹೂಟಾವನ್ನು ಹೊಡೆದು ನಾವು ಪಡೆಯುವುದಕ್ಕಿಂತ ಟ್ರಾಂಬೆಯಲ್ಲಿ ಕಳೆದುಕೊಳ್ಳುವುದು ಎಷ್ಟೋ ಪಾಲು ಹೆಚ್ಚು.

ಟ್ರಾಂಬೆಯ ಸುತ್ತ ಯಾರಿದ್ದಾರೆ ಎಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಚೆಂಬೂರು, ಗೋವಂಡಿ, ಮಾನ್‌ಖುರ್ದ್. ದಕ್ಷಿಣದಿಂದ ಹೊಟ್ಟೆಪಾಡಿಗೆ ಹೋದವರು, ನಮ್ಮ ಕನ್ನಡದವರು, ತುಳುವರು, ತಮಿಳರು, ಬಡ ಮುಸ್ಲಿಮರು. 1976ರಲ್ಲಿ ಅಣುಕೇಂದ್ರಕ್ಕೆ ಜಾಗ ಬೇಕೆಂದು ಜನತಾ ಕಾಲೊನಿ ಎಂಬ ದೊಡ್ಡ ಬಡಾವಣೆಯನ್ನು ಎಬ್ಬಿಸಿ ಚೀತಾ ಕ್ಯಾಂಪಿಗೆ ಸಾಗಿಸಿದ್ದರು. ಅಂದರೆ ಒಮ್ಮೆ ಆ ಸ್ಥಾವರಕ್ಕಾಗಿ ಮನೆ ಕಳೆದುಕೊಂಡವರೇ, ಅದರ ಮೇಲೆ ಬಾಂಬು ಬಿದ್ದಿದ್ದರೆ ಮೊದಲು ಸಾಯಬೇಕಿತ್ತು. ಯುದ್ಧದ ಮಾತನ್ನು ಟಿ.ವಿ.ಯಲ್ಲಿ ಆಡುವವರು ಇಂಥ ಹೆಸರುಗಳನ್ನು ಎತ್ತುವುದಿಲ್ಲ.

ಇನ್ನೊಂದು ಪ್ರಶ್ನೆ ಇತ್ತು, ನಮ್ಮ ಎಣಿಕೆಯಲ್ಲಿ ಇದು ಮೊದಲನೆಯದಕ್ಕಿಂತಲೂ ತೂಕದ್ದು. ಹೊಡೆದರೆ ಕೆಲಸ ನಿಲ್ಲುತ್ತದೆಯೇ? ಕಟ್ಟಡ ಬೀಳುತ್ತದೆ, ಕೊಳವೆಗಳು ಮುರಿಯುತ್ತವೆ. ಆದರೆ ನಕ್ಷೆ? ತಲೆಯೊಳಗಿನ ವಿದ್ಯೆ? ಒಸಿರಾಕ್ ಬಿದ್ದ ಮೇಲೆ ಸದ್ದಾಂ ಹುಸೇನ್ ಬಾಂಬಿನಾಸೆ ಬಿಡಲಿಲ್ಲ. ಬಹಿರಂಗವಾಗಿ ಫ್ರಾನ್ಸಿನವರ ಕಣ್ಣೆದುರು ನಡೆಯುತ್ತಿದ್ದದ್ದು ಗುಟ್ಟಾಗಿ, ಮೊದಲಿಗಿಂತ ಹೆಚ್ಚು ಜನ ಹೆಚ್ಚು ಹಣ ಹಾಕಿ ನಡೆಯತೊಡಗಿತು. 1991ರ ಕೊಲ್ಲಿ ಯುದ್ಧದ ನಂತರ ತಪಾಸಣೆಗೆ ಹೋದವರು ಅದರ ಗಾತ್ರ ಕಂಡು ದಂಗಾದರು. ಇರಾನಿನ ವಿಷಯದಲ್ಲೂ ಹಾಗೇ ಆಯಿತು. ದಾಳಿಗೆ ಮುಂಚೆ ತಪಾಸಣೆಯವರು ಅಲ್ಲಿನ ಸಂವರ್ಧಿತ ಯುರೇನಿಯಂ ಅನ್ನು, 400 ಕಿಲೋಗೂ ಹೆಚ್ಚು, ಅಳೆದು ಲೆಕ್ಕ ಬರೆದಿದ್ದರು. ದಾಳಿಯಾದ ಮೇಲೆ ಜುಲೈ ಆರಂಭದಲ್ಲಿ ಇರಾನ್ ಆ ಸಂಸ್ಥೆಯೊಂದಿಗಿನ ಸಹಕಾರವನ್ನೇ ನಿಲ್ಲಿಸಿತು. ಲೆಕ್ಕವಿದ್ದದ್ದು ಲೆಕ್ಕವಿಲ್ಲದಾಯಿತು.

ಇಲ್ಲಿ ಸ್ವಲ್ಪ ಹಿಂದಕ್ಕೆ, ನಮ್ಮ ಊರ ಹತ್ತಿರಕ್ಕೆ ಬರೋಣ. ಅನುಮಾನದ ಮೇಲೆ ಮುಂಚಿತವಾಗಿ ಮಾಡುವ ಯುದ್ಧ ನಮ್ಮ ನೆಲಕ್ಕೆ ಹೊಸದಲ್ಲ. ಹೆಬ್ಬೂರಿನಿಂದ ಕುಣಿಗಲ್ ಕಡೆಗೆ ಹೋಗುವವರು ಕುದುರೆ ಫಾರಂ ನೋಡಿರುತ್ತೀರಿ. ಟಿಪ್ಪು ಸುಲ್ತಾನರ ಅಶ್ವದಳಕ್ಕೆ ಕುದುರೆ ಸಾಕುತ್ತಿದ್ದ ಜಾಗವದು. ಅದೇ ತಾಲೂಕಿನ ಹುಲಿಯೂರುದುರ್ಗ, ಹುತ್ರಿದುರ್ಗಗಳನ್ನು 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತು. 1792ರ ಒಪ್ಪಂದದಲ್ಲಿ ಸುಲ್ತಾನರು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ತೆರಬೇಕಾಯಿತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಇಷ್ಟು ಎಲ್ಲರಿಗೂ ಗೊತ್ತು. ಅದರ ಮುಂದಿನದು ಅಷ್ಟು ಗೊತ್ತಿಲ್ಲ.

1798ರ ಜನವರಿ 30ರಂದು ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರ್ ಮಲಾರ್ಟಿಕ್ ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿದ. ಮೈಸೂರಿನ ಸುಲ್ತಾನರು ಇಂಗ್ಲಿಷರ ವಿರುದ್ಧ ನಮ್ಮ ನೆರವು ಕೇಳಿದ್ದಾರೆ, ಸೇರಲು ಇಷ್ಟವುಳ್ಳವರು ಬನ್ನಿ ಎಂದು. ಸುಲ್ತಾನರ ದೂತರು ಗುಟ್ಟಾಗಿ ನಡೆಯಬೇಕೆಂದು ಬಯಸಿದ ಕೆಲಸವನ್ನು ಆ ಮನುಷ್ಯ ಊರಿಗೆಲ್ಲ ಸಾರಿದ. ಬಂದವರು ಎಷ್ಟು ಮಂದಿ? ನೂರೂ ಇಲ್ಲ! ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಇಳಿದರು. ಆದರೆ ಪ್ರಕಟಣೆಯ ಪ್ರತಿ ಜೂನ್‌ನಲ್ಲಿ ಕಲ್ಕತ್ತಾ ತಲುಪಿತು. ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅಷ್ಟೇ ಸಾಕಾಯಿತು. ಸೈನ್ಯ ಕೂಡಿಸಲು ಮದ್ರಾಸಿಗೆ ಆಜ್ಞೆ ಹೋಯಿತು.

ಮದ್ರಾಸ್ ಸರ್ಕಾರದ ಕಾರ್ಯದರ್ಶಿ ಜೋಸಯ್ಯ ವೆಬ್ ಎಂಬವನು ಬೇಡವೆಂದು ಬರೆದ. ಖಜಾನೆ ಖಾಲಿಯಿದೆ, ಸೈನ್ಯ ಸಿದ್ಧವಿಲ್ಲ, ಫ್ರೆಂಚರ ದೊಡ್ಡ ನೆರವು ಸದ್ಯಕ್ಕೆ ಬರುವಂತಿಲ್ಲ ಎಂಬುದು ಅವನ ವಾದದ ತಿರುಳು. ಅವನು ಸುಲ್ತಾನರ ಸ್ನೇಹಿತನೇನಲ್ಲ, ಲೆಕ್ಕ ಬಲ್ಲವನು ಅಷ್ಟೇ. ಅವನ ಮಾತು ನಡೆಯಲಿಲ್ಲ. (ಮುಂದೆ ಅವನು ತೀರಿಕೊಂಡ ಮೇಲೆ ದಿವಾನ್ ಪೂರ್ಣಯ್ಯ ಶ್ರೀರಂಗಪಟ್ಟಣದ ಆಚೆ ಅವನ ನೆನಪಿಗೆ ಕಂಬ ನಿಲ್ಲಿಸಿದರು, ಈಗಲೂ ಇದೆ.) 1798ರ ಆಗಸ್ಟ್ 1ರಂದು ಈಜಿಪ್ಟಿನ ತೀರದಲ್ಲಿ ನೆಲ್ಸನ್ ಫ್ರೆಂಚರ ನೌಕಾಪಡೆಯನ್ನು ಸುಟ್ಟು ಹಾಕಿದ. ಅಕ್ಟೋಬರ್ ಕೊನೆಗೆ ಆ ಸುದ್ದಿ ಕಲ್ಕತ್ತಾಕ್ಕೂ ಬಂತು. ಅಷ್ಟರಲ್ಲಿ ಹೈದರಾಬಾದಿನ ನಿಜಾಮರ ಬಳಿಯಿದ್ದ ಫ್ರೆಂಚ್ ಪಡೆಯನ್ನೂ ಇಂಗ್ಲಿಷರು ನಿಶ್ಶಸ್ತ್ರಗೊಳಿಸಿದ್ದರು. ಅಂದರೆ ಯುದ್ಧಕ್ಕೆ ಕೊಟ್ಟ ಕಾರಣ ಬಹುಮಟ್ಟಿಗೆ ತಾನಾಗಿಯೇ ಹೋಗಿತ್ತು. ಯುದ್ಧ ಮಾತ್ರ ಹೋಗಲಿಲ್ಲ. 1799ರ ಫೆಬ್ರವರಿಯಲ್ಲಿ ಸೈನ್ಯ ಹೊರಟಿತು, ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಸುಲ್ತಾನರು ಶಹೀದರಾದರು.

ಸುಲ್ತಾನರಿಂದ ಇಂಗ್ಲಿಷರಿಗೆ ಅಪಾಯವೇ ಇರಲಿಲ್ಲ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಲ್ತಾನರನ್ನೇ ಕಡಿಮೆ ಮಾಡಿದಂತೆ. ಅವರು ಫ್ರೆಂಚರ ಸ್ನೇಹ ಬಯಸಿದ್ದರು, ಅವರ ರಾಕೆಟ್ಟುಗಳು ಇಂಗ್ಲಿಷರಿಗೆ ಚೆನ್ನಾಗಿ ಗೊತ್ತಿದ್ದವು. ಆ ರಾಕೆಟ್ಟುಗಳನ್ನು ನೋಡಿಯೇ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ತನ್ನದನ್ನು ಮಾಡಿದ. ನಾವು ಹೇಳುವುದು ಇಷ್ಟು: ಸಿದ್ಧವಾದ ಸೈನ್ಯ ಕಾರಣ ಹೋದರೂ ಹಿಂದಿರುಗುವುದಿಲ್ಲ. 2003ರ ಮಾರ್ಚ್‌ನಲ್ಲಿ ಇರಾಕಿನ ಮೇಲೆ ಹೋದ ಸೈನ್ಯವೂ ಹಿಂದಿರುಗಲಿಲ್ಲ. ಅಲ್ಲಿ ಇವೆ ಎಂದು ಹೇಳಿದ ಆಯುಧಗಳ ರಾಶಿ ಕೊನೆಗೂ ಸಿಗಲಿಲ್ಲ ಎಂದು ಹುಡುಕಲು ಹೋದ ಅಮೆರಿಕದವರೇ 2004ರಲ್ಲಿ ವರದಿ ಬರೆದರು.

ದೀನಿನ ಇತಿಹಾಸದಲ್ಲಿ ಇದಕ್ಕೆ ಹತ್ತಿರದ ಎರಡು ಪ್ರಸಂಗಗಳಿವೆ. ಒಂದು, ಸೂರಃ ಅಲ್-ಹುಜುರಾತ್‌ನಲ್ಲಿ ಸುದ್ದಿಯನ್ನು ಪರಿಶೀಲಿಸಬೇಕೆಂಬ ಆಜ್ಞೆ ಬಂದ ಸಂದರ್ಭ. ಬನೂ ಮುಸ್ತಲಿಕ್ ಗೋತ್ರದಿಂದ ಝಕಾತ್ ತರಲು ವಲೀದ್ ಬಿನ್ ಉಕ್ಬಾರನ್ನು ಪ್ರವಾದಿವರ್ಯರು(ಸ) ಕಳುಹಿಸಿದ್ದರು. ಸ್ವಾಗತಕ್ಕೆಂದು ಊರಾಚೆ ಬಂದ ಜನರನ್ನು ಕಂಡು, ಕೊಲ್ಲಲು ಬಂದರೆಂದು ಹೆದರಿ ಅವರು ಮರಳಿದರು. ಝಕಾತ್ ನಿರಾಕರಿಸಿದ್ದಾರೆ ಎಂಬ ಸುದ್ದಿ ಮದೀನಾಕ್ಕೆ ಬಂತು, ಸೈನ್ಯ ಹೊರಡುವ ಮಾತೂ ಬಂತು. ವಿಚಾರಿಸಿದಾಗ ಆ ಗೋತ್ರದವರು ದೀನಿನ ಮೇಲೆ ಗಟ್ಟಿಯಾಗಿಯೇ ನಿಂತಿದ್ದರು. ಹೆದರಿದ ಒಬ್ಬನ ಕಣ್ಣು ಏನು ಕಂಡಿತು, ಒಂದು ಊರು ಏನಾಗಬೇಕಿತ್ತು ನೋಡಿ.

ಎರಡನೆಯದು ಅಬೂದಾವೂದ್, ತಿರ್ಮಿಝೀ ಗ್ರಂಥಗಳಲ್ಲಿ ಬಂದದ್ದು. ಮುಆವಿಯ(ರ)ರಿಗೂ ರೋಮನರಿಗೂ ಅವಧಿಯುಳ್ಳ ಒಪ್ಪಂದವಿತ್ತು. ಅವಧಿ ಮುಗಿಯುವ ಮೊದಲೇ ಅವರು ಸೈನ್ಯದೊಂದಿಗೆ ಗಡಿಯತ್ತ ನಡೆದರು. ಮುಗಿದ ಗಳಿಗೆಯಲ್ಲೇ ಮೇಲೆ ಬೀಳುವುದು ಉದ್ದೇಶ. ಯುದ್ಧತಂತ್ರವಾಗಿ ನೋಡಿದರೆ ಜಾಣತನವೇ. ಅಷ್ಟರಲ್ಲಿ ಕುದುರೆಯ ಮೇಲೆ ಒಬ್ಬರು ತಕ್ಬೀರ್ ಹೇಳುತ್ತಾ, ನಂಬಿಕೆ ಉಳಿಸಿಕೊಳ್ಳಿ, ದ್ರೋಹ ಬೇಡ ಎಂದು ಕೂಗುತ್ತಾ ಬಂದರು. ನೋಡಿದರೆ ಸಹಾಬಿ ಅಮ್ರ್ ಬಿನ್ ಅಬಸ(ರ). ಒಪ್ಪಂದದ ಅವಧಿ ಮುಗಿಯುವವರೆಗೆ, ಇಲ್ಲವೇ ಬಹಿರಂಗವಾಗಿ ಅದನ್ನು ಹಿಂತಿರುಗಿಸುವವರೆಗೆ ಗಂಟನ್ನು ಬಿಗಿಯಲೂಬಾರದು ಸಡಿಲಿಸಲೂಬಾರದು ಎಂಬ ಪ್ರವಾದಿ(ಸ) ಬೋಧನೆಯನ್ನು ಅವರು ನೆನಪಿಸಿದರು. ಮುಆವಿಯ(ರ) ಸೈನ್ಯವನ್ನು ಹಿಂದಿರುಗಿಸಿದರು. ಅತ್ತ ರೋಮನರು ಸ್ನೇಹಿತರಲ್ಲ, ಮುಂದೆ ಮತ್ತೆ ಯುದ್ಧವೂ ಆಯಿತು. ಆದರೂ ಅಂದು ಹಿಂದಿರುಗಿದರು. ಸೂರಃ ಅಲ್-ಅನ್ಫಾಲ್ ಒಂದೇ ಕಡೆಯಲ್ಲಿ ಮೂರನ್ನೂ ಹೇಳುತ್ತದೆ: ದ್ರೋಹದ ಭಯವಿದ್ದರೆ ಒಪ್ಪಂದವನ್ನು ಮುಖಾಮುಖಿ ಮುರಿಯಿರಿ ಎಂದು, ಶಕ್ತಿ ಸಿದ್ಧವಿರಲಿ ಎಂದು, ಎದುರಿನವರು ಸಂಧಿಗೆ ಬಾಗಿದರೆ ನೀವೂ ಬಾಗಿ ಎಂದು. ಶಕ್ತಿ ಬೇಡ ಎಂದು ಹೇಳುವ ಧರ್ಮ ನಮ್ಮದಲ್ಲ. ಕದ್ದು ಹೊಡೆಯಲು ಬಿಡುವ ಧರ್ಮವೂ ಅಲ್ಲ.

ಮತ್ತೆ ಕಹೂಟಾಕ್ಕೆ ಬರೋಣ. 1984ರಲ್ಲಿ ಇನ್ನೊಮ್ಮೆ ದಾಳಿಯ ಗುಲ್ಲೆದ್ದಿತು. ಆ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. 1985ರ ಡಿಸೆಂಬರ್ 17ರಂದು ರಾಜೀವ್ ಗಾಂಧಿ ಮತ್ತು ಜಿಯಾ ಉಲ್ ಹಕ್ ದೆಹಲಿಯಲ್ಲಿ ಕೂತು, ಒಬ್ಬರ ಅಣುಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡುವುದಿಲ್ಲ ಎಂದು ಬಾಯಿಮಾತಿನಲ್ಲಿ ಒಪ್ಪಿದರು. ಬಾಯಿಮಾತು ಕಾಗದಕ್ಕೆ ಬರಲು ಮೂರು ವರ್ಷ ಹಿಡಿಯಿತು. ಮಧ್ಯೆ 1986–87ರಲ್ಲಿ ಜನರಲ್ ಸುಂದರ್‌ಜಿಯವರ ಬ್ರಾಸ್‌ಟ್ಯಾಕ್ಸ್ ಸಮರಾಭ್ಯಾಸದಿಂದ ಎರಡೂ ಸೈನ್ಯ ಗಡಿಯಲ್ಲಿ ಮುಖಾಮುಖಿ ನಿಂತು, ಯುದ್ಧ ಆಯಿತು ಎನ್ನುವಷ್ಟರಲ್ಲಿ ತಪ್ಪಿತು. ಕೊನೆಗೆ 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದಿನಲ್ಲಿ, ರಾಜೀವ್ ಗಾಂಧಿ ಮತ್ತು ಬೇನಜೀರ್ ಭುಟ್ಟೋ ಎದುರಿನಲ್ಲಿ ಸಹಿಯಾಯಿತು. 1991ರ ಜನವರಿ 27ರಿಂದ ಅದು ಜಾರಿಯಲ್ಲಿದೆ.

ಒಪ್ಪಂದ ಬಹಳ ಚಿಕ್ಕದು. ಅದರ ಜೀವ ಒಂದು ಸಣ್ಣ ಶರತ್ತಿನಲ್ಲಿದೆ. ಪ್ರತಿವರ್ಷ ಜನವರಿ 1ರಂದು ಎರಡೂ ದೇಶ ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು, ಅಕ್ಷಾಂಶ ರೇಖಾಂಶದ ಸಮೇತ, ಒಬ್ಬರಿಗೊಬ್ಬರು ಕೊಡಬೇಕು. ಎಲ್ಲಿ ಹೊಡೆಯಬಹುದು ಎಂದು ಶತ್ರು ಹುಡುಕುತ್ತಿರುವ ಜಾಗವನ್ನು ನಾವೇ ಬರೆದು ಅವನ ಕೈಗೆ ಕೊಡುವುದು! ಮೊದಲ ಸಲ 1992ರಲ್ಲಿ ಕೊಟ್ಟರು. 1998ರ ಮೇ ತಿಂಗಳಲ್ಲಿ ಎರಡೂ ಕಡೆ ಬಾಂಬು ಸಿಡಿಸಿದರು. ಮುಂದಿನ ಜನವರಿಯಲ್ಲಿ ಪಟ್ಟಿ ಹೋಯಿತು. 1999ರಲ್ಲಿ ಕಾರ್ಗಿಲ್ ಯುದ್ಧವಾಯಿತು, ಪಟ್ಟಿ ಹೋಯಿತು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾಗಿ ಸೈನ್ಯಗಳು ಗಡಿಗೆ ಹೋಗಿದ್ದವು. ಮೂರು ವಾರದೊಳಗೆ ಜನವರಿ 1 ಬಂತು, ಪಟ್ಟಿ ಹೋಯಿತು. 2008ರ ನವೆಂಬರ್ 26ರ ಮುಂಬೈ ಹತ್ಯಾಕಾಂಡದ ನಂತರವೂ ಹೋಯಿತು. 2025ರ ಜನವರಿ 1ರಂದು ಹೋದದ್ದು 34ನೆಯದು. ಆ ಮೇ ತಿಂಗಳ ನಾಲ್ಕು ದಿನಗಳ ಕಾಳಗದ ಹೊತ್ತಿಗೆ ಕಿರಾನಾ ಬೆಟ್ಟದ ಅಣುನೆಲೆಗೆ ನಮ್ಮವರು ಹೊಡೆದರು ಎಂಬ ವದಂತಿ ವಾಟ್ಸಾಪಿನಲ್ಲಿ ಹರಿದಾಡಿತು, ನಮ್ಮ ಜಮಾಅತ್‌ನ ಗುಂಪಿಗೂ ಬಂತು. ಏರ್ ಮಾರ್ಷಲ್ ಎ.ಕೆ. ಭಾರ್ತಿ ಪತ್ರಿಕಾಗೋಷ್ಠಿಯಲ್ಲೇ ಅದನ್ನು ಅಲ್ಲಗಳೆದರು. ಅಲ್ಲಗಳೆದದ್ದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ ಎಂಬುದು ಬೇರೆ ಮಾತು.

ಈಗ ಹುಡುಗರ ಪ್ರಶ್ನೆಗೆ ನೇರ ಉತ್ತರ. ಹೊಡೆಯದೆ ಬಿಟ್ಟದ್ದು ಸರಿ ಎಂಬುದೇ ನಮ್ಮ ಅಭಿಪ್ರಾಯ. ಆದರೆ ಬಿಟ್ಟದ್ದಕ್ಕೆ ಬೆಲೆ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಪಾಕಿಸ್ತಾನ ಬಾಂಬು ಮಾಡಿತು. ಆ ಬಾಂಬಿನ ಮರೆಯಲ್ಲಿ ನಿಂತೇ ಕಾರ್ಗಿಲ್‌ಗೆ ನುಗ್ಗುವ ಧೈರ್ಯ ಬಂದದ್ದು ಎನ್ನುವವರಿದ್ದಾರೆ, ಆ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಕದೀರ್ ಖಾನ್ ಆ ನಕ್ಷೆ ಯಂತ್ರಗಳನ್ನು ಲಿಬಿಯಾ, ಇರಾನ್, ಉತ್ತರ ಕೊರಿಯಾಗಳಿಗೆ ಸಾಗಿಸಿದ್ದನ್ನು 2004ರ ಫೆಬ್ರವರಿಯಲ್ಲಿ ಟಿ.ವಿ. ಮುಂದೆ ಒಪ್ಪಿಕೊಂಡರು. ಅಂದರೆ 2025ರಲ್ಲಿ ಬಾಂಬು ಬಿದ್ದ ನತಾಂಝ್‌ನ ಬೇರು ಕೂಡ ಒಂದು ಮಟ್ಟಿಗೆ ಕಹೂಟಾದಲ್ಲಿದೆ. ಅವರನ್ನು ಇಸ್ಲಾಮಿನ ವೀರ ಎಂದು ಪೋಸ್ಟ್ ಹಾಕುವ ನಮ್ಮ ಕೆಲವು ಹುಡುಗರು ಇದನ್ನೂ ತಿಳಿದಿರಲಿ. ಆಯುಧ ಮಾರಿದ್ದರಲ್ಲಿ ದೀನಿನ ಸೇವೆ ನಮಗಂತೂ ಕಾಣುವುದಿಲ್ಲ.

ಇಷ್ಟೆಲ್ಲ ಬೆಲೆ ಒಂದು ಕಡೆ ಇಟ್ಟು, 1984ರ ಟ್ರಾಂಬೆಯನ್ನು ಇನ್ನೊಂದು ಕಡೆ ಇಟ್ಟರೆ ನಮ್ಮ ತಕ್ಕಡಿ ಈಗಲೂ ಟ್ರಾಂಬೆಯ ಕಡೆಗೇ ವಾಲುತ್ತದೆ. ಇಂದಿರಾ ಗಾಂಧಿಯವರ ಮನಸ್ಸಿನಲ್ಲಿ ಇದ್ದದ್ದು ದಯೆಯೋ ಬರೀ ಲೆಕ್ಕವೋ, ಅದು ಅವರಿಗೇ ಗೊತ್ತು. ಚೀತಾ ಕ್ಯಾಂಪಿನವರಿಗೆ ಎರಡರಿಂದಲೂ ಆದ ಪ್ರಯೋಜನ ಒಂದೇ.

ರಾಮಣ್ಣನವರು 1987ರವರೆಗೆ ಅಣುಶಕ್ತಿ ಆಯೋಗದಲ್ಲಿದ್ದು, 1990ರಲ್ಲಿ ಸ್ವಲ್ಪ ಕಾಲ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದರು. ಬೆಂಗಳೂರಿನ ಉನ್ನತ ಅಧ್ಯಯನ ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದವರೂ ಅವರೇ. 2004ರ ಸೆಪ್ಟೆಂಬರ್ 24ರಂದು ಮುಂಬೈಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ನಮ್ಮ ಉತ್ತರ ಕನ್ನಡದ ಕೈಗಾದಲ್ಲೂ ಸ್ಥಾವರಗಳು ಬಂದಿದ್ದವು. ಈಗ ಅಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ, ನಮ್ಮ ಮನೆಯ ದೀಪಕ್ಕೂ ಅಲ್ಲಿಂದ ಪಾಲಿದೆ. ವಿದ್ಯುತ್ ಸ್ಥಾವರಗಳೂ ಆ ಒಪ್ಪಂದದ ವ್ಯಾಪ್ತಿಗೆ ಬರುತ್ತವೆ.

ಕೊನೆಗೆ ಒಂದು ಸಂಗತಿ, ಹೆಚ್ಚು ಜನರಿಗೆ ತಿಳಿಯದ್ದು. 1994ರ ಜನವರಿಯಲ್ಲಿ ಭಾರತ ಪಾಕಿಸ್ತಾನಕ್ಕೆ ಬರಹದಲ್ಲಿ ಕೆಲವು ಸಲಹೆಗಳನ್ನು ಕಳುಹಿಸಿತು. ಅದರಲ್ಲೊಂದು, ಈ ಒಪ್ಪಂದವನ್ನು ವಿಸ್ತರಿಸಿ ಜನ ವಾಸಿಸುವ ಊರುಗಳನ್ನೂ ದುಡಿಮೆಯ ನೆಲೆಗಳನ್ನೂ ಅದಕ್ಕೆ ಸೇರಿಸೋಣ ಎಂಬುದು. ಅದು ಒಪ್ಪಂದವಾಗಲಿಲ್ಲ. ಹೀಗಾಗಿ ಪ್ರತಿ ಜನವರಿ 1ರಂದು ಕೈ ಬದಲಾಯಿಸುವ ಆ ಕಾಗದದಲ್ಲಿ ಸ್ಥಾವರಗಳಷ್ಟೇ ಇರುತ್ತವೆ. ಕೈಗಾದಂಥ ಸ್ಥಾವರಕ್ಕೆ ಅಲ್ಲಿ ಜಾಗವಿದೆ, ಅದರ ಪಕ್ಕದ ಕಾರವಾರಕ್ಕಿಲ್ಲ. ಕಹೂಟಾದ ಯಂತ್ರಶಾಲೆಗೆ ಜಾಗವಿದೆ, ಅದರ ಆಚೆಗಿನ ಶಾಲೆ, ಮಸೀದಿ, ಸಂತೆಗಳಿಗಿಲ್ಲ.